ಟಾಸ್ ಹಾಕಿ ನೋಡೋಣ ಎಂದ ಹೃದಯ ವೈದ್ಯ

ಸಲೀಂ ಯೂಸುಫ್ ಅನ್ನುವ ಹೆಸರನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಮುಂದಿನ ಸಾಲಿನ ಪಿಜಿ ವಿದ್ಯಾರ್ಥಿಗಳು ಕೈ ಎತ್ತಿದ್ದೀರಿ, ಉಳಿದವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ. ಪರವಾಗಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಅವರ ಕೆಲಸ ನಿಮ್ಮ ಮನೆಯ ಮಾತ್ರೆ ಡಬ್ಬಿಯಲ್ಲಿ ಇರಬಹುದು. ಅಪ್ಪನಿಗೋ ಮಾವನಿಗೋ ಹಾರ್ಟ್ ಅಟ್ಯಾಕ್ ಆದಮೇಲೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಬರೆದುಕೊಟ್ಟಿದ್ದಾರೆ, ಬಿಪಿಗೆ ರಾಮಿಪ್ರಿಲ್ ಕೊಟ್ಟಿದ್ದಾರೆ ಅಂದರೆ, ಆ ಚೀಟಿಯ ಹಿಂದೆ ಇವರು ನಡೆಸಿದ ಅಧ್ಯಯನಗಳಿವೆ.

1952ರಲ್ಲಿ ಕೇರಳದ ಕೊಟ್ಟಾರಕ್ಕರದಲ್ಲಿ ಹುಟ್ಟಿದವರು. ಎಂಬಿಬಿಎಸ್ ಓದಿದ್ದು ಇಲ್ಲೇ, ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. 1976ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿಂದ ಅಮೆರಿಕ, ಆಮೇಲೆ ಕೆನಡಾ. ಯಾವ ಆಪರೇಷನ್ನಿಗೂ ಅವರ ಹೆಸರಿಲ್ಲ, ಯಾವ ಉಪಕರಣವನ್ನೂ ಅವರು ಕಂಡುಹಿಡಿದಿಲ್ಲ. ಆದರೂ ವೈದ್ಯಲೋಕದಲ್ಲಿ ಅವರ ಸಂಶೋಧನೆಯನ್ನು ಉಲ್ಲೇಖಿಸಿದಷ್ಟು ಬೇರೆಯವರದ್ದನ್ನು ಉಲ್ಲೇಖಿಸಿರುವುದು ಕಡಿಮೆ. ಯಾಕೆ ಅನ್ನುವುದೇ ಇವತ್ತಿನ ಮಾತು. ನಾನು ಅವರ ಸಾಧನೆಯ ಪಟ್ಟಿ ಓದಲು ಬಂದಿಲ್ಲ, ಅದು ಇಂಟರ್ನೆಟ್ಟಿನಲ್ಲಿ ಸಿಗುತ್ತದೆ.

ಮೊದಲು ಒಂದು ಲೆಕ್ಕ ಹೇಳಿಬಿಡುತ್ತೇನೆ. ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ.

ಹಾರ್ಟ್ ಅಟ್ಯಾಕ್ ಆಗಿ ಬಂದ ನೂರು ಜನರಲ್ಲಿ ಹತ್ತು ಜನ ಸಾಯುತ್ತಾರೆ ಅಂದುಕೊಳ್ಳಿ. ಹೊಸ ಔಷಧಿ ಬಂತು, ಅದು ಐವರಲ್ಲಿ ಒಬ್ಬರ ಸಾವನ್ನು ತಪ್ಪಿಸುತ್ತದೆ. ಅಂದರೆ ಹತ್ತು ಇದ್ದದ್ದು ಎಂಟಾಗುತ್ತದೆ. ಈಗ ನೀವು ನೂರು ಜನರಿಗೆ ಔಷಧಿ ಕೊಟ್ಟು, ಇನ್ನೂರು ಜನರಲ್ಲಿ ಉಳಿದ ನೂರು ಜನರಿಗೆ ಕೊಡದೆ ನೋಡಿದಿರಿ. ಈ ಕಡೆ ಎಂಟು ಸಾವು, ಆ ಕಡೆ ಹತ್ತು. ಇದರಿಂದ ಏನು ಗೊತ್ತಾಯಿತು? ಏನೂ ಗೊತ್ತಾಗಲಿಲ್ಲ. ಎಂಟು-ಹತ್ತರ ವ್ಯತ್ಯಾಸ ಸುಮ್ನೆ ಅದೃಷ್ಟದಿಂದಲೂ ಬರುತ್ತದೆ, ಕೆಲವೊಮ್ಮೆ ಉಲ್ಟಾ ಕೂಡ ಬರುತ್ತದೆ. ಅದೇ ಎರಡೂ ಕಡೆ ಹತ್ತತ್ತು ಸಾವಿರ ಜನರನ್ನು ಇಟ್ಟು ನೋಡಿದರೆ ಒಂದು ಕಡೆ ಎಂಟುನೂರು ಸಾವು, ಇನ್ನೊಂದು ಕಡೆ ಸಾವಿರ. ಇದು ಅದೃಷ್ಟದ ಆಟ ಅಲ್ಲ ಎಂದು ಯಾರು ಬೇಕಾದರೂ ಹೇಳಬಹುದು.

1970ರ ದಶಕದಲ್ಲಿ ಹೃದಯದ ಔಷಧಿಗಳ ಮೇಲೆ ನಡೆದ ಪರೀಕ್ಷೆಗಳಲ್ಲಿ ಹೆಚ್ಚಿನವು ಮೊದಲನೆಯ ಜಾತಿಯವು. ನೂರು, ಇನ್ನೂರು, ಐನೂರು ಜನ. ಒಂದು ಆಸ್ಪತ್ರೆ ಕೆಲಸ ಮಾಡುತ್ತದೆ ಅನ್ನುತ್ತಿತ್ತು, ಪಕ್ಕದ್ದು ಇಲ್ಲ ಅನ್ನುತ್ತಿತ್ತು. ದೊಡ್ಡ ಪ್ರೊಫೆಸರ್ ಯಾವುದನ್ನು ನಂಬುತ್ತಾರೋ ಅದು ಆ ವಾರ್ಡಿನ ಚಿಕಿತ್ಸೆ. ಎಚ್‌ಒಡಿ, ಅಂದರೆ ವಿಭಾಗದ ಮುಖ್ಯಸ್ಥರು, ಬದಲಾದರೆ ಔಷಧಿಯೂ ಬದಲಾಗುತ್ತಿತ್ತು. ನಗಬೇಡಿ, ಈಗಲೂ ಕೆಲವು ಕಡೆ ಹಾಗೇ ಇದೆ.

ಯೂಸುಫ್ ಆಕ್ಸ್‌ಫರ್ಡಿಗೆ ಹೋದಾಗ ಅಲ್ಲಿ ಪೀಟರ್ ಸ್ಲೀಟ್ ಅನ್ನುವ ಹೃದಯ ತಜ್ಞರಿದ್ದರು, ರಿಚರ್ಡ್ ಪೀಟೋ ಅನ್ನುವ ಸಂಖ್ಯಾಶಾಸ್ತ್ರಜ್ಞರಿದ್ದರು. ಒಬ್ಬರಿಗೆ ರೋಗಿ ಗೊತ್ತು, ಇನ್ನೊಬ್ಬರಿಗೆ ಲೆಕ್ಕ ಗೊತ್ತು. ನಡುವೆ ಈ ಹುಡುಗ. ಇಪ್ಪತ್ತರ ಹರೆಯ, ಕೈಯಲ್ಲಿ ಒಂದು ಪ್ರಶ್ನೆ: ಹಾರ್ಟ್ ಅಟ್ಯಾಕ್ ಆದ ತಕ್ಷಣ ಬೀಟಾ ಬ್ಲಾಕರ್ ಕೊಟ್ಟರೆ ಜನ ಬದುಕುತ್ತಾರಾ? ಬೀಟಾ ಬ್ಲಾಕರ್ ಅಂದರೆ ಹೃದಯದ ಬಡಿತವನ್ನು ನಿಧಾನ ಮಾಡುವ ಔಷಧಿ. ಅಟೆನಲಾಲ್ ಕೇಳಿರಬಹುದು ನೀವು.

1980ರಲ್ಲಿ ಅವರಿಗೆ ಡಾಕ್ಟರೇಟ್ ಸಿಕ್ಕಿತು. ಆ ಪ್ರಶ್ನೆಯಿಂದಲೇ ಐಸಿಸ್-1 ಅನ್ನುವ ಟ್ರಯಲ್, ಅಂದರೆ ರೋಗಿಗಳ ಮೇಲೆ ಔಷಧಿಯ ಪರೀಕ್ಷೆ, ಹುಟ್ಟಿತು. ಹೆಸರು ಕೇಳಿ ಗಾಬರಿ ಆಗಬೇಡಿ, ಆ ಹೆಸರಿಗೆ ಕೆಟ್ಟ ಅರ್ಥ ಬಂದದ್ದು ಮೂವತ್ತು ವರ್ಷ ಆದಮೇಲೆ. ಈ ಟ್ರಯಲ್‌ಗೆ ಸೇರಿದ ರೋಗಿಗಳು 16,027. ಆ ಕಾಲಕ್ಕೆ ಕೇಳಿರದ ಸಂಖ್ಯೆ. ಇಷ್ಟು ಜನರನ್ನು ಹೇಗೆ ಸೇರಿಸಿದರು ಅನ್ನುವುದು ನನಗೆ ಫಲಿತಾಂಶಕ್ಕಿಂತ ಜಾಸ್ತಿ ಇಷ್ಟವಾಗುವ ಭಾಗ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಮಧ್ಯರಾತ್ರಿ ಎದೆನೋವು ಅಂತ ಒಬ್ಬರು ಬರುತ್ತಾರೆ. ಡ್ಯೂಟಿಯಲ್ಲಿರುವ ಡಾಕ್ಟರಿಗೆ ನಿದ್ದೆ ಇಲ್ಲ, ಇನ್ನೂ ನಾಲ್ಕು ರೋಗಿಗಳು ಕಾಯುತ್ತಿದ್ದಾರೆ. ಅವರ ಕೈಗೆ ನಲವತ್ತು ಪುಟದ ಫಾರಂ ಕೊಟ್ಟು ಇದನ್ನು ತುಂಬಿಸಿ ಅಂದರೆ ಏನಾಗುತ್ತದೆ? ಆ ರೋಗಿ ಅಧ್ಯಯನಕ್ಕೆ ಸೇರುವುದಿಲ್ಲ, ಅಷ್ಟೇ. ಆಕ್ಸ್‌ಫರ್ಡಿನವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡರು. ಒಂದು ಫೋನ್ ಮಾಡಿ, ನಾಲ್ಕೈದು ಪ್ರಶ್ನೆಗೆ ಉತ್ತರ ಹೇಳಿ, ಈ ರೋಗಿಗೆ ಔಷಧಿಯೋ ಇಲ್ಲವೋ ಎಂದು ಆ ಕಡೆಯಿಂದ ಹೇಳುತ್ತಾರೆ. ಅದು ಟಾಸ್ ಹಾಕಿದ ಹಾಗೆ, ಡಾಕ್ಟರ್ ಕೈಯಲ್ಲಿ ಇಲ್ಲ. ಕೊನೆಗೆ ರೋಗಿ ಬದುಕಿದ್ದಾರಾ ಇಲ್ಲವಾ ಅನ್ನುವುದು ಮುಖ್ಯ. ಹೃದಯದ ಯಾವ ಗೋಡೆ ಎಷ್ಟು ಮಿಲಿಮೀಟರ್ ಅಲ್ಲಾಡುತ್ತಿದೆ ಅನ್ನುವ ಹತ್ತಾರು ಅಳತೆಗಳು ಬೇಡ.

ಡಾಕ್ಟರೇ ಆರಿಸಿದರೆ ಏನು ತಪ್ಪು ಎಂದು ಕೇಳಬಹುದು. ಡಾಕ್ಟರೂ ಮನುಷ್ಯರೇ ಅಲ್ವಾ? ಹೊಸ ಔಷಧಿಯನ್ನು ಬದುಕುವ ಲಕ್ಷಣ ಇರುವವರಿಗೆ ಕೊಟ್ಟುಬಿಡುತ್ತಾರೆ, ಗೊತ್ತಿಲ್ಲದೆಯೇ. ಆಮೇಲೆ ಔಷಧಿ ತೆಗೆದುಕೊಂಡವರೇ ಜಾಸ್ತಿ ಬದುಕಿದರು ಅನ್ನುತ್ತಾರೆ. ಟಾಸ್ ಹಾಕಿದರೆ ವಯಸ್ಸಾದವರು, ಶುಗರ್ ಇರುವವರು, ಬೀಡಿ ಸೇದುವವರು ಎಲ್ಲರೂ ಎರಡೂ ಗುಂಪಿಗೆ ಸಮನಾಗಿ ಹಂಚಿಹೋಗುತ್ತಾರೆ. ನಾವು ಅಳೆಯದ, ನಮಗೆ ಹೆಸರೇ ಗೊತ್ತಿಲ್ಲದ ವಿಷಯಗಳೂ ಹಂಚಿಹೋಗುತ್ತವೆ. ಇದು 1947ರಲ್ಲಿ ಬ್ರಿಟನ್ನಿನಲ್ಲಿ ಟಿಬಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದಾಗಿನಿಂದ ಇದ್ದ ವಿಧಾನವೇ. ಯೂಸುಫ್, ಪೀಟೋ, ಮತ್ತು ಅವರ ಜೊತೆಗಾರ ರೋರಿ ಕಾಲಿನ್ಸ್ 1984ರಲ್ಲಿ ಬರೆದು ವಾದಿಸಿದ್ದು ಏನೆಂದರೆ, ಟಾಸ್ ಇದ್ದರೆ ಸಾಲದು, ಅಧ್ಯಯನ ತುಂಬ ದೊಡ್ಡದಾಗಿರಬೇಕು, ದೊಡ್ಡದಾಗಬೇಕಾದರೆ ತುಂಬ ಸರಳವಾಗಿರಬೇಕು.

ಐಸಿಸ್-1 ಫಲಿತಾಂಶ 1986ರಲ್ಲಿ ಬಂತು. ಮೊದಲ ವಾರದಲ್ಲಿ ಔಷಧಿ ಪಡೆದವರಲ್ಲಿ ಶೇಕಡಾ 3.9 ಸಾವು, ಪಡೆಯದವರಲ್ಲಿ 4.6. ಇದೇನಾ ಅಂತ ಅನ್ನಿಸುತ್ತದೆ. ಸುಮಾರು ನೂರೈವತ್ತು ಜನರಿಗೆ ಕೊಟ್ಟರೆ ಒಬ್ಬರು ಉಳಿಯುತ್ತಾರೆ. ಆದರೆ ಹಾರ್ಟ್ ಅಟ್ಯಾಕ್ ಅನ್ನುವುದು ಲಕ್ಷಾಂತರ ಜನರಿಗೆ ಆಗುವ ಕಾಯಿಲೆ, ಒಂದು ವಾರ್ಡಿನಲ್ಲಿ ಕಣ್ಣಿಗೇ ಬೀಳದ ಲಾಭ ಒಂದು ದೇಶಕ್ಕೆ ಸಾವಿರಾರು ಜೀವ.

ಐಸಿಸ್-2ಕ್ಕೆ ರೋಗಿಗಳನ್ನು ಸೇರಿಸಲು ಶುರುಮಾಡಿದ್ದು 1985ರಲ್ಲಿ, ಅಷ್ಟರಲ್ಲಿ ಯೂಸುಫ್ ಅಮೆರಿಕಕ್ಕೆ ಹೋಗಿದ್ದರು. ಆದರೂ ಆ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 17,187 ರೋಗಿಗಳು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಮತ್ತು ಕಾಸಿಗೊಂದು ಸಿಗುವ ಆಸ್ಪಿರಿನ್. ಎರಡೂ ಇಲ್ಲದವರಲ್ಲಿ ಐದು ವಾರದೊಳಗೆ ಹೃದಯ ಅಥವಾ ರಕ್ತನಾಳದ ಕಾರಣಕ್ಕೆ ಸತ್ತವರು ಶೇಕಡಾ 13.2, ಎರಡೂ ಸಿಕ್ಕವರಲ್ಲಿ 8. ದೊಡ್ಡ ಸುದ್ದಿ. ಫಲಿತಾಂಶ ಅಚ್ಚು ಹಾಕಬೇಕಿದ್ದ ವೈದ್ಯಕೀಯ ಪತ್ರಿಕೆಯವರು ಹೇಳಿದರಂತೆ, ಯಾವ ಯಾವ ಬಗೆಯ ರೋಗಿಗಳಿಗೆ ಎಷ್ಟೆಷ್ಟು ಲಾಭ ಎಂದು ಬಿಡಿಸಿ ಕೊಡಿ ಎಂದು. ತಂಡದವರು ಆಯಿತು, ಕೊಡುತ್ತೇವೆ, ಜೊತೆಗೆ ರಾಶಿಯನ್ನೂ ಹಾಕುತ್ತೇವೆ ಅಂದರು. ಹೌದು, ನಮ್ಮ ನಿಮ್ಮ ಜನ್ಮರಾಶಿಯಂತೆ ಅವರ ಲೆಕ್ಕದ ರಾಶಿ. ನೋಡಿದರೆ ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್ ಕೆಲಸ ಮಾಡುವುದಿಲ್ಲ, ಸ್ವಲ್ಪ ಕೆಡುಕೇ ಮಾಡುತ್ತದೆ ಎಂದು ಬಂತು! ಅದನ್ನು ಹಾಗೇ ಅಚ್ಚು ಹಾಕಿಸಿದರು. ಗುಂಪನ್ನು ತುಂಡು ತುಂಡು ಮಾಡುತ್ತಾ ಹೋದರೆ ಎಲ್ಲೋ ಒಂದು ತುಂಡಿನಲ್ಲಿ ಹುಚ್ಚು ಉತ್ತರ ಬಂದೇ ಬರುತ್ತದೆ ಎಂದು ತೋರಿಸುವುದಕ್ಕೆ. ಇವತ್ತಿಗೂ ಯಾರಾದರೂ ಈ ಔಷಧಿ ಹೆಂಗಸರಿಗೆ ಆಗುವುದಿಲ್ಲ, ಇದು ಅರವತ್ತೆರಡು ದಾಟಿದವರಿಗೆ ಮಾತ್ರ ಅಂದರೆ ನಾನು ಮೊದಲು ತುಲಾ ರಾಶಿಯನ್ನು ನೆನೆಯುತ್ತೇನೆ.

ಸ್ಟ್ರೆಪ್ಟೊಕೈನೇಸ್ ವಿಷಯದಲ್ಲಿ ಒಂದು ಬೇಸರದ ಮಾತೂ ಇದೆ. ಅದನ್ನು 1959ರಿಂದಲೇ ಸಣ್ಣ ಸಣ್ಣ ಟ್ರಯಲ್‌ಗಳಲ್ಲಿ ನೋಡುತ್ತಿದ್ದರು. ಯೂಸುಫ್ ಮತ್ತು ಆಕ್ಸ್‌ಫರ್ಡ್ ಗೆಳೆಯರು 1985ರಲ್ಲಿ ಅವನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದಾಗ ಸಾವು ಸುಮಾರು ಐದರಲ್ಲಿ ಒಂದರಷ್ಟು ಕಡಿಮೆಯಾಗುವುದು ಸ್ಪಷ್ಟವಾಗಿ ಕಂಡಿತು. 1992ರಲ್ಲಿ ಬೇರೊಂದು ತಂಡ ಇನ್ನೂ ಮುಂದೆ ಹೋಗಿ, ಹೀಗೆ ಕೂಡಿಸುತ್ತಾ ಬಂದಿದ್ದರೆ 1973ರ ಹೊತ್ತಿಗೇ ಉತ್ತರ ಸಿಕ್ಕಿಬಿಡುತ್ತಿತ್ತು ಎಂದು ತೋರಿಸಿತು. ಉತ್ತರ ಕಪಾಟಿನಲ್ಲೇ ಇತ್ತು, ಯಾರೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಈಗ ಅಮೆರಿಕ. 1984ರಿಂದ 1992ರವರೆಗೆ ಅವರು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್‌ನಲ್ಲಿದ್ದರು. ಸರ್ಕಾರದ ಕೆಲಸ, ಸರ್ಕಾರದ ದುಡ್ಡು. ಹೃದಯ ದುರ್ಬಲವಾದವರಿಗೆ ಎನಾಲಾಪ್ರಿಲ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂದು ತೋರಿಸಿದ ಸಾಲ್ವ್‌ಡ್ ಅಧ್ಯಯನ 1991ರಲ್ಲಿ ಬಂತು. ಅದು ಸರಿ. ನನಗೆ ಹೇಳಬೇಕೆನಿಸುವುದು ಡಿಗಾಕ್ಸಿನ್ ಬಗ್ಗೆ.

ವಿಲಿಯಂ ವಿದರಿಂಗ್ ಅನ್ನುವ ಇಂಗ್ಲಿಷ್ ವೈದ್ಯರು 1785ರಲ್ಲಿ ಫಾಕ್ಸ್‌ಗ್ಲೋವ್ ಗಿಡದ ಎಲೆಯಿಂದ ಮೈ ಊತ ಇಳಿಯುತ್ತದೆ ಎಂದು ಬರೆದರು. ಡಿಗಾಕ್ಸಿನ್ ಅದೇ ಮನೆತನದ್ದು. ಇನ್ನೂರು ವರ್ಷ ಡಾಕ್ಟರುಗಳು ಕೊಟ್ಟರು, ರೋಗಿಗಳು ನುಂಗಿದರು. ಜೀವ ಉಳಿಸುತ್ತದಾ, ತೆಗೆಯುತ್ತದಾ ಎಂದು ಗಟ್ಟಿಯಾಗಿ ಹೇಳುವವರು ಯಾರೂ ಇರಲಿಲ್ಲ. ಪೇಟೆಂಟ್ ಮುಗಿದ ಹಳೇ ಅಗ್ಗದ ಔಷಧಿ, ಯಾವ ಕಂಪನಿ ದುಡ್ಡು ಹಾಕುತ್ತದೆ? ಸರ್ಕಾರವೇ ಹಾಕಬೇಕು. 6,800 ರೋಗಿಗಳು, ಸರಾಸರಿ ಮೂರು ವರ್ಷದ ಮೇಲೆ. 1997ರಲ್ಲಿ ಉತ್ತರ ಬಂತು: ಡಿಗಾಕ್ಸಿನ್ ಪಡೆದವರಲ್ಲಿ ಸಾವು ಶೇಕಡಾ 34.8, ಔಷಧಿಯೇ ಇಲ್ಲದ ಹುಸಿ ಮಾತ್ರೆ ಪಡೆದವರಲ್ಲಿ 35.1. ಒಂದೇ. ಆಯಸ್ಸು ಹೆಚ್ಚಿಸುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ. ಆದರೆ ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆ ಸೇರುವುದು ಗಣನೀಯವಾಗಿ ಕಡಿಮೆಯಾಗುತ್ತದೆ. ಅದನ್ನು ಹೊಗಳುವವರಿಗೂ ತೆಗಳುವವರಿಗೂ ಅರ್ಧರ್ಧ ಸಿಕ್ಕಿತು.

ನಮ್ಮ ತರ್ಕಕ್ಕೆ ಸರಿ ಅನ್ನಿಸಿದ್ದು ದೇಹಕ್ಕೂ ಸರಿ ಇರಬೇಕು ಅಂತ ಏನಿಲ್ಲ. ಅದೇ ಕಾಲದ ಇನ್ನೊಂದು ಅಧ್ಯಯನ, ಇದು ಯೂಸುಫ್ ಅವರದ್ದಲ್ಲ, ಕಾಸ್ಟ್ ಎಂದು ಹೆಸರು. ಹಾರ್ಟ್ ಅಟ್ಯಾಕ್ ಆದವರಲ್ಲಿ ನಡುನಡುವೆ ತಾಳ ತಪ್ಪಿದ ಬಡಿತಗಳು ಬರುತ್ತವೆ, ಹಾಗೆ ಬರುವವರು ಹಠಾತ್ತನೆ ಸಾಯುವುದು ಜಾಸ್ತಿ. ಆದ್ದರಿಂದ ತಾಳ ಸರಿಮಾಡುವ ಔಷಧಿ ಕೊಟ್ಟರೆ ಬದುಕುತ್ತಾರೆ. ಎಷ್ಟು ಸರಿಯಾದ ತರ್ಕ! ಔಷಧಿ ಕೊಟ್ಟರು, ಇಸಿಜಿ ಚೆಂದವಾಯಿತು. ಔಷಧಿ ಪಡೆದ 755 ಜನರಲ್ಲಿ 63 ಮಂದಿ ಸತ್ತರು, ಹುಸಿ ಮಾತ್ರೆ ಪಡೆದ 743 ಜನರಲ್ಲಿ 26. ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಟ್ರಯಲ್ ಅಂದರೆ ರೋಗಿಗಳನ್ನು ಪ್ರಯೋಗದ ಇಲಿ ಮಾಡುವುದು ಎಂದು ಸಿಟ್ಟಾಗುವವರಿಗೆ ನಾನು ಇದನ್ನು ಹೇಳುತ್ತೇನೆ. ಟ್ರಯಲ್ ಮಾಡದೆ ಆ ಮಾತ್ರೆಗಳನ್ನು ಎಷ್ಟೋ ಸಾವಿರ ಜನರಿಗೆ ಕೊಡುತ್ತಿದ್ದರಲ್ಲ, ಅವರು ಯಾವ ಇಲಿಗಳು? ಅವರ ಲೆಕ್ಕವನ್ನೂ ಯಾರೂ ಇಟ್ಟಿರಲಿಲ್ಲ.

ಆದರೆ ಸಿಟ್ಟಿಗೆ ಕಾರಣ ಇಲ್ಲ ಅಂತಲ್ಲ. ನಮ್ಮ ದೇಶದಲ್ಲಿ ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಟ್ರಯಲ್‌ಗೆ ಸೇರಿಸಿದ್ದಾರೆ ಎಂಬ ದೂರುಗಳು ಸುಪ್ರೀಂ ಕೋರ್ಟಿನವರೆಗೆ ಹೋದವು. ಆಮೇಲೆ ನಿಯಮಗಳು ಬಿಗಿಯಾದವು, 2019ರಲ್ಲಿ ಹೊಸ ನಿಯಮಾವಳಿಯೇ ಬಂತು. ಒಪ್ಪಿಗೆ ಪತ್ರ ರೋಗಿಗೆ ಗೊತ್ತಿರುವ ಭಾಷೆಯಲ್ಲಿರಬೇಕು, ಎಥಿಕ್ಸ್ ಕಮಿಟಿ ಒಪ್ಪಬೇಕು, ತೊಂದರೆಯಾದರೆ ಪರಿಹಾರ ಕೊಡಬೇಕು. ಇದೆಲ್ಲ ಬೇಕು. ಕಾಗದ ಹೆಚ್ಚಾಗಿ ಸಂಶೋಧನೆ ನಿಧಾನವಾಯಿತು ಎಂದು ಗೊಣಗುವ ಸಹೋದ್ಯೋಗಿಗಳು ನನಗೂ ಇದ್ದಾರೆ. ಅವರ ಮಾತು ಅರ್ಧ ನಿಜ, ಅಷ್ಟಕ್ಕೆ ಬಿಡುತ್ತೇನೆ.

ಮುಂದೆ ಕೆನಡಾ. 1992ರಲ್ಲಿ ಅವರು ಒಂಟಾರಿಯೋ ಪ್ರಾಂತ್ಯದ ಹ್ಯಾಮಿಲ್ಟನ್ ಊರಿನ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಹ್ಯಾಮಿಲ್ಟನ್ ಅಂದರೆ ಉಕ್ಕಿನ ಕಾರ್ಖಾನೆಗಳ ಊರು, ಹಾರ್ವರ್ಡ್ ಆಕ್ಸ್‌ಫರ್ಡಿನ ಠೀವಿ ಇಲ್ಲ. ಆದರೆ ಡೇವಿಡ್ ಸ್ಯಾಕೆಟ್, ಗಾರ್ಡನ್ ಗಾಯಟ್ ಅಂಥವರು ಅಲ್ಲೇ ಕೂತು, ವೈದ್ಯ ಹಿರಿಯರ ಮಾತಿಗಿಂತ ಪುರಾವೆಯನ್ನು ಮೊದಲು ಕೇಳಬೇಕು ಅನ್ನುವ ಚಳವಳಿ ಕಟ್ಟಿದ್ದರು. ಯೂಸುಫ್ ಅಲ್ಲಿ ಪಾಪ್ಯುಲೇಷನ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಕಟ್ಟಿದರು.

ಸಂಸ್ಥೆ ಕಟ್ಟಿದರು ಅನ್ನುವುದನ್ನು ನಾವು ಕಟ್ಟಡ ಕಟ್ಟಿಸಿ ರಿಬ್ಬನ್ ಕತ್ತರಿಸುವುದು ಅಂದುಕೊಳ್ಳುತ್ತೇವೆ. ಇಲ್ಲಿ ಕಟ್ಟಿದ್ದು ಒಂದು ಜಾಲ. ಅರ್ಜೆಂಟೀನಾದಲ್ಲಿ ಒಬ್ಬರು, ಚೀನಾದಲ್ಲಿ ಒಬ್ಬರು, ದಕ್ಷಿಣ ಆಫ್ರಿಕಾದಲ್ಲಿ, ಬೆಂಗಳೂರಿನಲ್ಲಿ, ಪ್ರತಿಯೊಬ್ಬರ ಕೆಳಗೆ ಹತ್ತಾರು ಆಸ್ಪತ್ರೆ. ಎಲ್ಲರೂ ಒಂದೇ ಫಾರಂ ತುಂಬಬೇಕು, ಒಂದೇ ರೀತಿ ಬಿಪಿ ನೋಡಬೇಕು, ಐದು ವರ್ಷ ಆದಮೇಲೂ ಆ ರೋಗಿ ಎಲ್ಲಿದ್ದಾರೆ ಎಂದು ಹುಡುಕಬೇಕು. ಮನೆ ಬದಲಾಯಿಸಿರುತ್ತಾರೆ, ಫೋನ್ ನಂಬರ್ ಬದಲಾಗಿರುತ್ತದೆ, ಮಗಳ ಊರಿಗೆ ಹೋಗಿರುತ್ತಾರೆ. ಹೀಗೆ ಕಳೆದುಹೋದವರು ಜಾಸ್ತಿಯಾದರೆ ಅಧ್ಯಯನವೇ ಹಾಳು. ಇದನ್ನು ಮಾಡುವವರು ಪ್ರೊಫೆಸರ್ ಅಲ್ಲ, ಸ್ಟಡಿ ಕೋಆರ್ಡಿನೇಟರುಗಳು, ನರ್ಸುಗಳು, ಹಳ್ಳಿಗೆ ಹೋಗಿ ಬಾಗಿಲು ತಟ್ಟುವ ಹುಡುಗ ಹುಡುಗಿಯರು. ಪಿಜಿಗಳೇ, ನಿಮ್ಮ ಥೀಸಿಸ್‌ಗೆ ಅರವತ್ತು ಕೇಸ್ ಸೇರಿಸುವಷ್ಟರಲ್ಲಿ ಎಷ್ಟು ಸುಸ್ತಾಗುತ್ತೀರಿ ಎಂದು ಗೊತ್ತಲ್ಲ? ಅದನ್ನು ಹತ್ತಾರು ದೇಶಗಳಲ್ಲಿ ನಡೆಸಿ ನೋಡಿ.

ಈ ಜಾಲದಿಂದ ಬಂದ ಮೊದಲ ದೊಡ್ಡ ಉತ್ತರ ಹೋಪ್ ಅಧ್ಯಯನ, 2000ದಲ್ಲಿ ಪ್ರಕಟವಾಯಿತು. 9,297 ಜನ, ಆಗಲೇ ರಕ್ತನಾಳದ ಕಾಯಿಲೆ ಇದ್ದವರು ಅಥವಾ ಶುಗರ್ ಜೊತೆ ಬೇರೆ ಅಪಾಯ ಇದ್ದವರು. ರಾಮಿಪ್ರಿಲ್ ಪಡೆದವರಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಕಾರಣದ ಸಾವು ಸೇರಿ ಶೇಕಡಾ 14, ಹುಸಿ ಮಾತ್ರೆಯವರಲ್ಲಿ 17.8. ಅದೇ ಅಧ್ಯಯನದಲ್ಲಿ ಇನ್ನೊಂದು ಟಾಸ್ ಕೂಡ ಹಾಕಿದ್ದರು, ವಿಟಮಿನ್ ಇ ಬಗ್ಗೆ. ಆ ಕಾಲದಲ್ಲಿ ಹೃದಯಕ್ಕೆ ಒಳ್ಳೆಯದು ಅಂತ ಡಾಕ್ಟರುಗಳೇ ವಿಟಮಿನ್ ಇ ನುಂಗುತ್ತಿದ್ದರು. ಏನೂ ಪ್ರಯೋಜನ ಕಾಣಲಿಲ್ಲ. ಮರು ವರ್ಷ ಕ್ಯೂರ್ ಅಧ್ಯಯನ, ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳು, ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಸೇರಿಸಿದರೆ ಲಾಭ ಇದೆ, ರಕ್ತಸ್ರಾವವೂ ಸ್ವಲ್ಪ ಜಾಸ್ತಿ ಎಂದು ಬಂತು.

ನಾಯಕತ್ವ ಅನ್ನುವ ಪದ ಬಳಸಿದರೆ ನನಗೆ ಹೋಪ್‌ಗಿಂತ ಮುಖ್ಯ 2008ರ ಪಾಯ್ಸ್ ಅಧ್ಯಯನ. ಬೇರೆ ಯಾವುದೋ ಆಪರೇಷನ್ನಿಗೆ ಬಂದವರಿಗೆ, ಮೊಣಕಾಲೋ ಹೊಟ್ಟೆಯೋ, ಮುಂಚೆ ಬೀಟಾ ಬ್ಲಾಕರ್ ಶುರುಮಾಡಿದರೆ ಹೃದಯಕ್ಕೆ ರಕ್ಷಣೆ ಎಂದು ಮಾರ್ಗಸೂಚಿಗಳೇ ಹೇಳುತ್ತಿದ್ದವು. ಯೂಸುಫ್ ಅವರ ಸಂಸ್ಥೆಯ ಕಿರಿಯ ವೈದ್ಯ ಪಿ.ಜೆ. ಡೆವರೊ ಮುಂದೆ ನಿಂತು 8,351 ಜನರಲ್ಲಿ ಟಾಸ್ ಹಾಕಿ ನೋಡಿದರು. ಹಾರ್ಟ್ ಅಟ್ಯಾಕ್ ಕಡಿಮೆಯಾಯಿತು ನಿಜ. ಸಾವು ಮಾತ್ರ ಶೇಕಡಾ 2.3 ಇದ್ದದ್ದು 3.1ಕ್ಕೆ ಏರಿತು, ಪಾರ್ಶ್ವವಾಯು ಎರಡರಷ್ಟಾಯಿತು. ನೋಡಿ, ಬೀಟಾ ಬ್ಲಾಕರ್ ಯೂಸುಫ್ ಅವರು ಸಂಶೋಧನೆ ಶುರುಮಾಡಿದ ಔಷಧಿ ವರ್ಗ. ಅದರ ಇನ್ನೊಂದು ಬಳಕೆ ಅಪಾಯ ಎಂದು ಅವರದೇ ಮನೆಯಿಂದ ಉತ್ತರ ಬಂತು, ಅವರೂ ಸಹಿ ಹಾಕಿದರು. ಐಸಿಸ್-1 ಹೇಳಿದ್ದೂ ಕೊನೆ ಮಾತಾಗಲಿಲ್ಲ. 2005ರಲ್ಲಿ ಚೀನಾದ 45,852 ರೋಗಿಗಳ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್ ಆದ ಕೂಡಲೇ ಬೀಟಾ ಬ್ಲಾಕರ್ ಚುಚ್ಚಿದರೆ ಕೆಲವರ ಹೃದಯ ಕೈಕೊಟ್ಟು ಲಾಭ ನಷ್ಟ ಸಮ ಎಂದು ಬಂತು. ಈಗ ಯಾರಿಗೆ, ಯಾವಾಗ ಎಂದು ನೋಡಿ ಕೊಡುತ್ತಾರೆ.

ಇನ್ನು ನಮಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. 2004ರ ಇಂಟರ್‌ಹಾರ್ಟ್. ಆಗ ಒಂದು ನಂಬಿಕೆ ಇತ್ತು, ಗೊತ್ತಿರುವ ಕಾರಣಗಳು ಹೃದಯ ಕಾಯಿಲೆಯ ಅರ್ಧವನ್ನಷ್ಟೇ ವಿವರಿಸುತ್ತವೆ, ಉಳಿದದ್ದು ವಂಶ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಣೆಬರಹ. ಭಾರತೀಯರ ವಿಷಯದಲ್ಲಂತೂ ನಮ್ಮ ಜೀನ್ಸೇ ಹಾಗೆ ಅನ್ನುವ ಮಾತು ಜೋರಾಗಿತ್ತು. 52 ದೇಶಗಳಲ್ಲಿ ಮೊದಲ ಹಾರ್ಟ್ ಅಟ್ಯಾಕ್ ಆದ 15,152 ಜನರನ್ನೂ, ಅದೇ ವಯಸ್ಸಿನ ಕಾಯಿಲೆ ಇಲ್ಲದ 14,820 ಜನರನ್ನೂ ಹೋಲಿಸಿ ನೋಡಿದರು. ಸಿಗರೇಟು ಬೀಡಿ, ಕೆಟ್ಟ ಕೊಬ್ಬು, ಬಿಪಿ, ಶುಗರ್, ಹೊಟ್ಟೆ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿ ತಿನ್ನದಿರುವುದು, ಓಡಾಟ ಇಲ್ಲದಿರುವುದು, ಮದ್ಯದ ಲೆಕ್ಕ. ಒಟ್ಟು ಒಂಬತ್ತು. ಗಂಡಸರಲ್ಲಿ ಅಪಾಯದ ಶೇಕಡಾ 90, ಹೆಂಗಸರಲ್ಲಿ 94 ಈ ಒಂಬತ್ತರಲ್ಲೇ ಮುಗಿಯಿತು. ಎಲ್ಲ ಖಂಡಗಳಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ.

ಹಾಗಾದರೆ ನಮ್ಮವರಿಗೆ ಬೇಗ ಯಾಕೆ ಬರುತ್ತದೆ? ಬರುವುದಂತೂ ನಿಜ. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಸರಾಸರಿ 53ನೇ ವಯಸ್ಸಿಗೆ, ಉಳಿದ ದೇಶಗಳಲ್ಲಿ 59ರ ಹತ್ತಿರ. ಅದೇ ತಂಡ 2007ರಲ್ಲಿ ತೋರಿಸಿದ್ದು, ನಮ್ಮಲ್ಲಿ ಈ ಒಂಬತ್ತು ಕಾರಣಗಳೇ ಚಿಕ್ಕ ವಯಸ್ಸಿಗೆ ಬಂದು ಕೂರುತ್ತವೆ. ಅಜ್ಜನ ಜೀನ್ಸ್ ಮೇಲೆ ಭಾರ ಹಾಕುವ ಮುಂಚೆ ನಲವತ್ತರೊಳಗೆ ಬಿಪಿ ಶುಗರ್ ನೋಡಿಸಿಕೊಂಡಿದ್ದೀರಾ ಎಂದು ಕೇಳಿಕೊಳ್ಳಬೇಕು. ಒಂದು ಎಚ್ಚರಿಕೆ: ಇದು ಟಾಸ್ ಹಾಕಿದ ಅಧ್ಯಯನ ಅಲ್ಲ. ಹಾರ್ಟ್ ಅಟ್ಯಾಕ್ ಆಗಿ ಮಲಗಿರುವವರನ್ನು ಕಳೆದ ವರ್ಷ ನಿಮಗೆ ಟೆನ್ಷನ್ ಇತ್ತಾ ಎಂದು ಕೇಳಿದರೆ ಯಾರು ಇಲ್ಲ ಅನ್ನುತ್ತಾರೆ? ಒತ್ತಡದ ಅಂಕಿಯನ್ನು ನಾನು ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಇದೇ ಅನುಮಾನ ಅವರ ಪ್ಯೂರ್ ಅಧ್ಯಯನಕ್ಕೆ ದೊಡ್ಡದಾಗಿ ಎದುರಾಯಿತು. ಅನೇಕ ದೇಶಗಳ ಹಳ್ಳಿ ಪಟ್ಟಣಗಳಲ್ಲಿ ಒಂದೂವರೆ ಲಕ್ಷದಷ್ಟು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ, ಬೆಂಗಳೂರಿನ ಸೇಂಟ್ ಜಾನ್ಸ್ ತಂಡವೂ ಇದರಲ್ಲಿದೆ. 2014ರಲ್ಲಿ ಉಪ್ಪಿನ ಬಗ್ಗೆ ವರದಿ ಬಂತು: ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ (ಇದು ಉಪ್ಪಿನ ಒಂದು ಅಂಶ, ಪೂರ್ತಿ ಉಪ್ಪಲ್ಲ) ತಿನ್ನುವವರಿಗೆ ಅಪಾಯ ಅತಿ ಕಡಿಮೆ, ಅದಕ್ಕಿಂತ ಕಡಿಮೆಯಾದರೂ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2 ಗ್ರಾಂ ಒಳಗಿರಲಿ ಅನ್ನುತ್ತದೆ. ಗಲಾಟೆ ಆಗದೇ ಇರುತ್ತದಾ? ಒಂದೇ ಬೆಳಗಿನ ಮೂತ್ರ ನೋಡಿ ಇಡೀ ದಿನದ ಉಪ್ಪು ಅಂದಾಜು ಮಾಡಿದ್ದೀರಿ, ಕಾಯಿಲೆ ಬಿದ್ದವರು ಊಟವೇ ಕಡಿಮೆ ಮಾಡಿ ಉಪ್ಪೂ ಕಡಿಮೆ ತಿಂದಿರಬಹುದು ಎಂದು ಟೀಕೆ ಬಂತು. 2017ರಲ್ಲಿ, ಪಿಷ್ಟ ಜಾಸ್ತಿ ತಿನ್ನುವವರಲ್ಲಿ ಸಾವು ಜಾಸ್ತಿ, ಕೊಬ್ಬು ತಿನ್ನುವವರಲ್ಲಿ ಕಡಿಮೆ ಎಂಬ ವರದಿ ಬಂದಾಗ ಇನ್ನೂ ದೊಡ್ಡ ಗಲಾಟೆ. ಬಡ ದೇಶಗಳಲ್ಲಿ ಜನ ಬರೀ ಅನ್ನ ತಿನ್ನುವುದು ಬಡತನದಿಂದ, ಸಾವಿಗೆ ಕಾರಣ ಅನ್ನವೋ ಬಡತನವೋ ಎಂದು ಕೇಳಿದರು. ಟಾಸ್ ಹಾಕದೆ ನಂಬಬೇಡಿ ಎಂದು ಒಂದು ತಲೆಮಾರಿಗೆ ಕಲಿಸಿದವರನ್ನು ಅವರದೇ ಪಾಠ ಹಿಡಿದು ಪ್ರಶ್ನೆ ಮಾಡಿದರು. ಉಪ್ಪಿನ ವಿಷಯದಲ್ಲಿ ನನಗೆ ಟೀಕಾಕಾರರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಬಿಪಿ ಇರುವವರು ಇವತ್ತು ಇದನ್ನು ಕೇಳಿ ಉಪ್ಪಿನಕಾಯಿ ಹಾಕಿಸಿಕೊಳ್ಳಬೇಡಿ.

ಆದರೆ ಪ್ಯೂರ್‌ನಿಂದಲೇ 2011ರಲ್ಲಿ ಬಂದ ಇನ್ನೊಂದು ಅಂಕಿಗೆ ಅಂಥ ಜಗಳ ಇಲ್ಲ. ಆಗಲೇ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆಗಿದ್ದವರನ್ನು, ನೀವು ಆಸ್ಪಿರಿನ್, ಬೀಟಾ ಬ್ಲಾಕರ್, ರಾಮಿಪ್ರಿಲ್ ಜಾತಿಯ ಮಾತ್ರೆ, ರಕ್ತದ ಕೊಬ್ಬು ಇಳಿಸುವ ಸ್ಟ್ಯಾಟಿನ್ ಇವುಗಳಲ್ಲಿ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಬಡ ದೇಶಗಳಲ್ಲಿ ಶೇಕಡಾ 80 ಜನ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಹಾಗಿದ್ದವರು 11. ಇಷ್ಟು ವರ್ಷ ಸಾವಿರಾರು ರೋಗಿಗಳ ಮೇಲೆ ಟಾಸ್ ಹಾಕಿ ಕಂಡುಕೊಂಡ ಮಾತ್ರೆಗಳು ಅಂಗಡಿಯಲ್ಲೇ ಉಳಿದವು. 2008ರಲ್ಲಿ ಬಂದ ಕ್ರಿಯೇಟ್ ವರದಿ, ಸೇಂಟ್ ಜಾನ್ಸಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಯೂಸುಫ್ ಸೇರಿ ಮಾಡಿದ್ದು, ನಮ್ಮ ದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ರೋಗಿಗಳದ್ದು. ದೊಡ್ಡ ಹಾರ್ಟ್ ಅಟ್ಯಾಕ್ ಆದವರು ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟುವುದಕ್ಕೆ ತೆಗೆದುಕೊಂಡ ಸಮಯದ ಮಧ್ಯಾಂಕ 360 ನಿಮಿಷ, ಅಂದರೆ ಅರ್ಧದಷ್ಟು ಜನರಿಗೆ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಆರು ಗಂಟೆ! ಅಷ್ಟರಲ್ಲಿ ಹೃದಯದ ಮಾಂಸಖಂಡ ಸಾಕಷ್ಟು ಸತ್ತಿರುತ್ತದೆ. ಬಡವರಲ್ಲಿ ತಿಂಗಳೊಳಗೆ ಸತ್ತವರು ಶೇಕಡಾ 8.2, ಶ್ರೀಮಂತರಲ್ಲಿ 5.5. ಬಡವರಿಗೆ ಸಿಕ್ಕ ಚಿಕಿತ್ಸೆಯೂ ಕಡಿಮೆ ಇತ್ತು.

ಹಾಗಾದರೆ ನಾಲ್ಕು ಮಾತ್ರೆ ನುಂಗಲು ಆಗದವರಿಗೆ ಎಲ್ಲ ಸೇರಿಸಿ ಒಂದೇ ಮಾತ್ರೆ ಮಾಡಿಕೊಟ್ಟರೆ? ಪಾಲಿಪಿಲ್ ಎಂಬ ಯೋಚನೆ ಹೀಗೆ ಬಂತು, ಇದು ಒಬ್ಬರದೇ ಯೋಚನೆ ಅಲ್ಲ. 2009ರಲ್ಲಿ ನಮ್ಮ ದೇಶದ 50 ಕೇಂದ್ರಗಳಲ್ಲಿ 2,053 ಜನರ ಮೇಲೆ, ಬೆಂಗಳೂರಿನಿಂದ ಸಂಯೋಜನೆ ಮಾಡಿ, ಅಹಮದಾಬಾದಿನ ಕಂಪನಿಯೊಂದು ಮಾಡಿದ ಇಂಥ ಗುಳಿಗೆಯನ್ನು ನೋಡಿದರು. ಬಿಪಿ ಇಳಿಯಿತು, ಕೊಬ್ಬು ಇಳಿಯಿತು. ಆದರೆ ಹಾರ್ಟ್ ಅಟ್ಯಾಕ್ ಇಳಿಯುತ್ತದಾ? ಅದಕ್ಕೆ ಟಿಪ್ಸ್-3 ಎಂಬ ಇನ್ನೂ ದೊಡ್ಡ ಅಧ್ಯಯನ ಬೇಕಾಯಿತು, 5,713 ಜನ, ನಾಲ್ಕೂವರೆ ವರ್ಷ. ಯಾರಿಗೂ ಮೊದಲು ಹೃದಯ ಕಾಯಿಲೆ ಇರಲಿಲ್ಲ. ಗುಳಿಗೆ ಮತ್ತು ಆಸ್ಪಿರಿನ್ ಎರಡೂ ಪಡೆದವರಲ್ಲಿ ಶೇಕಡಾ 4.1 ಜನರಿಗೆ ಹೃದಯ ಅಥವಾ ರಕ್ತನಾಳದ ತೊಂದರೆಯಾಯಿತು, ಎರಡೂ ಹುಸಿಯಾಗಿದ್ದವರಲ್ಲಿ 5.8. ಗುಳಿಗೆಯೊಳಗೆ ಅಟೆನಲಾಲ್ ಇದೆ, ರಾಮಿಪ್ರಿಲ್ ಇದೆ, ಒಂದು ಸ್ಟ್ಯಾಟಿನ್ ಮತ್ತು ಒಂದು ನೀರಿಳಿಸುವ ಔಷಧಿ ಇದೆ. ಎಷ್ಟೋ ಜನ ನಡುವೆ ಮಾತ್ರೆ ಬಿಟ್ಟರು, ಗುಳಿಗೆ ಸರಬರಾಜು ತಡವಾಯಿತು, ಕೊನೆಗೆ ಕೋವಿಡ್ ಬೇರೆ ಬಂತು. ಒಂದೇ ಮಾತ್ರೆ ಮಾಡಿಕೊಟ್ಟರೂ ದಿನಾ ನುಂಗಿಸುವುದು ಸುಲಭ ಅಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲಿಪಿಲ್‌ಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರುವುದಕ್ಕೂ ತಾಲೂಕು ಆಸ್ಪತ್ರೆಯ ಫಾರ್ಮಸಿಗೆ ಬರುವುದಕ್ಕೂ ದೂರ ಬಹಳ.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುತ್ತೇನೆ. ನನಗೆ ಎಪ್ಪತ್ತೊಂದು, ಹೃದಯದ ಕಾಯಿಲೆ ಏನೂ ಇಲ್ಲ, ಇಷ್ಟೆಲ್ಲ ಕೇಳಿದಮೇಲೆ ಆಸ್ಪಿರಿನ್ ಶುರುಮಾಡಲಾ ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಬೇಡ ಸರ್. 2018ರಲ್ಲಿ ಆಸ್ಪ್ರೀ ಎಂಬ ಅಧ್ಯಯನ, 19,114 ಜನ, ಹೆಚ್ಚಿನವರು ನಿಮ್ಮ ಹಾಗೆ ಎಪ್ಪತ್ತು ದಾಟಿದ ಆರೋಗ್ಯವಂತರು. ಆಸ್ಪಿರಿನ್‌ನಿಂದ ಲಾಭ ಕಾಣಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ಆದರೆ ಈಗಾಗಲೇ ಹಾರ್ಟ್ ಅಟ್ಯಾಕ್ ಆಗಿ ಅಥವಾ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ನಿಲ್ಲಿಸಬೇಡಿ, ಅದು ಬೇರೆಯೇ ಲೆಕ್ಕ.

ಇನ್ನೊಂದು ಚೀಟಿ: ನಮ್ಮ ಅತ್ತೆಯವರನ್ನು ಒಂದು ಟ್ರಯಲ್‌ಗೆ ಸೇರಿ ಎನ್ನುತ್ತಿದ್ದಾರೆ, ನಂಬಬಹುದಾ ಎಂದು. ಮೊದಲು ಅದು ಸಿಟಿಆರ್‌ಐನಲ್ಲಿ, ಅಂದರೆ ಭಾರತದ ಟ್ರಯಲ್ ನೋಂದಣಿಯಲ್ಲಿ ಇದೆಯಾ ನೋಡಿ. 2009ರಿಂದ ಅದು ಕಡ್ಡಾಯ, ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೇಳಿ, ಮನೆಗೆ ತೆಗೆದುಕೊಂಡು ಹೋಗಿ ಓದಿ, ಅಲ್ಲೇ ಸಹಿ ಹಾಕಿ ಎಂದು ಅವಸರ ಮಾಡಿದರೆ ಹಾಕಬೇಡಿ. ನಡುವೆ ಬಿಡಬೇಕೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಅದಕ್ಕಾಗಿ ಅವರ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಪತ್ರದಲ್ಲಿ ನಂಬರ್ ಇರುತ್ತದೆ, ಸೇರುವ ಮುಂಚೆಯೇ ಒಂದು ಸಲ ಆ ನಂಬರಿಗೆ ಫೋನ್ ಮಾಡಿ ನೋಡಿ, ಯಾರಾದರೂ ಎತ್ತುತ್ತಾರಾ ಎಂದು.